ಸೋತು ಉಳಿಸಿಕೊಂಡ ಕಪ್ಪು ಬಿಯರು

ಹೊರೇಸ್ ಟಿಬೆಟ್ಸ್ ನಲವತ್ತು ವರ್ಷ ಇಂಗ್ಲೆಂಡಿನ ಕ್ರಾಡ್ಲಿ ಹೀತ್ ಊರಿನ ಕುಲುಮೆಯಲ್ಲಿ ಹಡಗಿನ ಸರಪಳಿ ಬಡಿದವನು. ಬೆಂಕಿಯೆದುರು ಸುರಿಸಿದ ಬೆವರನ್ನೆಲ್ಲ ಮೈಲ್ಡ್ ಎಂಬ ಕಪ್ಪು ಬಿಯರಿನಿಂದಲೇ ತುಂಬಿಕೊಂಡವನು. ಕೆಲಸ ಬಿಟ್ಟರೂ ಬೆಲ್ಲೋಸ್ ಪಬ್ಬಿನ ಬೆಂಚು ಬಿಡಲಿಲ್ಲ. ಮೊದಲ ಗುಟುಕನ್ನು ನುಂಗದೆ ಬಾಯಲ್ಲೇ ಇಟ್ಟುಕೊಳ್ಳುವನು. ಮೊದಲು ಸುಟ್ಟ ಬ್ರೆಡ್ಡಿನ ಅಂಚಿನ ರುಚಿ, ಆಮೇಲೆ ಒಣದ್ರಾಕ್ಷಿ, ಕಟ್ಟಕಡೆಗೆ ನಾಲಿಗೆಯ ಬುಡದಲ್ಲಿ ಒಂದಿಷ್ಟು ಕಹಿ. ಆ ಕಹಿ ಬಂತೆಂದರೆ ಕಣ್ಣು ತಾನಾಗಿ ಮುಚ್ಚುವುದು.

ಒಂದು ಶುಕ್ರವಾರ ಪಬ್ಬಿನ ಯಜಮಾನ ಟ್ರೆವರ್ ಕೆಟ್ಟ ಸುದ್ದಿ ತಂದ.

“ಹೊರೇಸ್, ನಿಮ್ಮ ಕಪ್ಪು ಕುಡಿಯೋರು ನಾಲ್ಕೇ ಜನ. ಪೀಪಾಯಿ ತೆರೆದ್ಮೇಲೆ ಮೂರು ದಿನಕ್ಕೆ ಹುಳಿಯಾಗುತ್ತೆ. ವಾರಾವಾರ ಅರ್ಧ ಮೋರಿಗೆ ಸುರೀತಿದೀನಿ. ಇವತ್ತು ತೆರೆದಿದ್ದು ಭಾನುವಾರದೊಳಗೆ ಖಾಲಿಯಾಗ್ಲಿಲ್ಲ ಅಂದ್ರೆ ಇನ್ಮೇಲೆ ತರಿಸಲ್ಲ. ಬರೀ ತಿಳಿ ಬಣ್ಣದ ಲಾಗರ್ ಬಿಯರು.”

“ಲಾಗರ್! ಅದರಲ್ಲಿ ಕಾಲು ತೊಳ್ಕೋಬೇಕು ಅಷ್ಟೇ.”

“ತೊಳ್ಕೊಳ್ಳೋಕಾದ್ರೂ ಕೊಂಡ್ಕೋತಾರಲ್ಲ!”

ಮರುದಿನ ಸಂಜೆ ಚುಕ್ಕಿ ಬಿಲ್ಲೆಗಳ ಡಾಮಿನೋ ಪಂದ್ಯ. ಪಕ್ಕದೂರು ನೆದರ್ಟನ್ನಿನಿಂದ ಎಂಟು ಜನ ಬಸ್ಸಿನಲ್ಲಿ ಬಂದಿಳಿದರು. ಅವರ ನಾಯಕ ಸಿಡ್ ಪಾರ್ಜಿಟರ್ ಹೊರೇಸನ ಗ್ಲಾಸು ನೋಡಿ ಮೂಗು ಮುರಿದ.

“ಏನಯ್ಯ ಅದು, ಡಾಂಬರು! ಒಂದು ಕುಡಿದ್ರೆ ನನ್ನನ್ನ ಹೊತ್ಕೊಂಡೇ ಹೋಗ್ಬೇಕು.”

“ಬಣ್ಣ ನೋಡಿ ಹೆದರ್ತೀಯಲ್ಲ ಮಾರಾಯ. ನಿನ್ನ ಲಾಗರಿಗಿಂತ ಇದು ಸಾಧು.”

ಯಾರೂ ನಂಬಲಿಲ್ಲ. ಆಗ ಹೊರೇಸನಿಗೆ ಪಂದ್ಯದ ಪದ್ಧತಿ ನೆನಪಾಯಿತು. ಸೋತವರು ಗೆದ್ದವರಿಗೆ ಒಂದು ಸುತ್ತು ಕುಡಿಸಬೇಕು. ಯಾವುದನ್ನು ಕುಡಿಸುವುದೆಂದು ಸೋತವರೇ ಹೇಳುವುದು. ಬೇಡವೆಂದರೆ ಮಹಾ ಅವಮಾನ.

ತನ್ನ ಪಬ್ಬಿನಲ್ಲಿ ಆರು ವರ್ಷದಿಂದ ಅವನು ಸೋತಿರಲಿಲ್ಲ. ಕೊನೆಯ ಆಟ ಸಮಸಮಕ್ಕೆ ಬಂದು ನಿಂತಿತು. ಕೈಯಲ್ಲಿ ಎರಡೇ ಬಿಲ್ಲೆ. ಒಂದಿಟ್ಟರೆ ಸಿಡ್‌ಗೆ ದಾರಿ ಬಂದ್, ಇನ್ನೊಂದಿಟ್ಟರೆ ದಾರಿ ಸಲೀಸು. ಹೊರೇಸ್ ಒಮ್ಮೆ ಕಪ್ಪು ಬಿಯರಿನ ಪಂಪಿನತ್ತ ನೋಡಿದ. ಆ ಇನ್ನೊಂದನ್ನೇ ಇಟ್ಟ.

ಜೊತೆಯಾಟಗಾರ ಲೆನ್ ಬಿಸೆಲ್ ಕುರ್ಚಿಯಿಂದ ಎದ್ದೇಬಿಟ್ಟ. “ಏನೋ ಹೊರೇಸ್, ಕಣ್ಣು ಹೋಯ್ತೇನೋ? ನಮ್ಮಜ್ಜಿ ಗೋರಿಯಿಂದ ಎದ್ದು ಬಂದಿದ್ರೂ ಆ ಬಿಲ್ಲೆ ಇಡ್ತಿರ್ಲಿಲ್ಲ!”

ಹೊರೇಸ್ ಕಿವುಡನಂತೆ, “ಟ್ರೆವರ್, ಎಂಟು ಗ್ಲಾಸ್ ಕಪ್ಪು!” ಎಂದ.

ನೆದರ್ಟನ್ನಿನವರು ಔಷಧಿ ಕುಡಿಯುವ ಮಕ್ಕಳಂತೆ ಮುಖ ಹಿಂಡಿ ಗ್ಲಾಸೆತ್ತಿದರು. ಸಿಡ್ ಒಂದು ಗುಟುಕು ಕುಡಿದ. ಗ್ಲಾಸಿನೊಳಗೆ ಇಣುಕಿದ. ಮತ್ತೊಂದು ಗುಟುಕು ಕುಡಿದು ಮೀಸೆಯ ನೊರೆ ಒರೆಸಿಕೊಂಡ.

“ಇಷ್ಟು ದಿನ ಇದನ್ನ ಎಲ್ಲಿ ಬಚ್ಚಿಟ್ಟಿದ್ರಯ್ಯ? ಇನ್ನೊಂದು ಹಾಕಪ್ಪ.”

ಭಾನುವಾರ ಮಧ್ಯಾಹ್ನ ಹೊರೇಸ್ ಟೋಪಿ ಬೆಂಚಿಗೆಸೆದು ತನ್ನ ಗ್ಲಾಸು ಕೇಳಿದ. ಟ್ರೆವರ್ ಪಂಪು ಎಳೆದು ತೋರಿಸಿದ. ಅದು ಗೊರಗೊರ ಎಂದು ಗಾಳಿ ಉಗುಳಿತು.

“ನಿನ್ನೆ ನೀವು ಹೋದ್ಮೇಲೆ ನೆದರ್ಟನ್ನೋರು ಹೊರಟಿದ್ದ ಬಸ್ಸನ್ನೂ ಬಿಟ್ಟು ಪೀಪಾಯಿ ಬರಿದು ಮಾಡಿದ್ರು. ಶನಿವಾರ ಮತ್ತೆ ಬರ್ತಾರಂತೆ. ಇನ್ನೊಂದು ಪೀಪಾಯಿ ನಾಳೆ ಬರುತ್ತೆ, ಗಸಿ ಇಳೀಬೇಕಲ್ಲ, ಮಂಗಳವಾರ ಕೊಡ್ತೀನಿ.”

“ಹಾಗಾದ್ರೆ ನನಗೆ ಇವತ್ತು?”

“ನಿಂಬೆ ಸೋಡಾ.”

ನಿನ್ನೆಯಿಂದ ಮಾತು ಬಿಟ್ಟಿದ್ದ ಲೆನ್ ಮೂಲೆಯಿಂದ ಬಾಯಿಬಿಟ್ಟ: “ಸ್ಟ್ರಾ ಹಾಕಿ ಕೊಡಪ್ಪ, ಮಗು ಚೆಲ್ಲಿಕೊಂಡೀತು.”

ಹೊರೇಸ್ ಸೋಡಾ ಹೀರುತ್ತ, ಮುಖ ಕಿವುಚುತ್ತ, ಹಲ್ಲೆಲ್ಲ ಬಿಟ್ಟು ನಕ್ಕ.