ಎಂಜಲು ದಾರ

ಬೀದಿಯವರೆಲ್ಲ ಅವಳನ್ನು ಛೀ ಅಕ್ಕ ಎಂದೇ ಕರೆಯುತ್ತಿದ್ದರು. ಎದುರಿಗೆ ಬಂದಾಗ ಮಾತ್ರ ಬರೀ ಅಕ್ಕ. ಅವಳಿಗೂ ಅದು ಗೊತ್ತಿತ್ತು, ಗೊತ್ತಿಲ್ಲದವಳ ಹಾಗೆ ಇದ್ದಳು. ಯಾರಾದರೂ ಜಿಪ್ಪು ಹಾಕಿಸಲು ಪ್ಯಾಂಟು ತಂದರೆ ಅದನ್ನು ಎರಡೇ ಬೆರಳಲ್ಲಿ ಹಿಡಿದು, ಬೆಳಕಿಗೆ ತಿರುಗಿಸಿ, ಮುಖ ಸಿಂಡರಿಸಿ, "ಛೀ, ಒಗೆದು ತರೋದಕ್ಕೇನು?" ಎನ್ನುವುದು ಅವಳ ಪದ್ಧತಿ. ತಂದವರು ಹಲ್ಲು ಕಿರಿಯುತ್ತಿದ್ದರು. ಜನ ಮುಖ ತೊಳೆದುಕೊಂಡು ಬರುತ್ತಾರೆ, ಮೈಯಿಂದ ಬಿಚ್ಚಿದ ಬಟ್ಟೆಯನ್ನು ಹಾಗೇ ತರುತ್ತಾರೆ. ಕಾಲರಿನಲ್ಲಿ ಕತ್ತಿನ ಕೊಳೆ, ಜೇಬಿನಲ್ಲಿ ಮೂಗು ಒರೆಸಿದ ಕಾಗದ. ಒಮ್ಮೆ ಒಂದು ಕೋಟಿನ ಜೇಬಿಗೆ ಕೈ ಹಾಕಿದರೆ ಅರ್ಧ ತಿಂದ ಬಿಸ್ಕತ್ತು, ಅದಕ್ಕೆ ಮುತ್ತಿದ ಇರುವೆ. ಅವತ್ತು ಅವಳು ಊಟವನ್ನೇ ಬಿಟ್ಟಳು.

ಈ ಹೇಸಿಗೆ ಅವಳಿಗೆ ಹುಟ್ಟಿನಿಂದ ಬಂದದ್ದೇನೂ ಅಲ್ಲ. ಹುಡುಗಿಯಾಗಿದ್ದಾಗ ಕೆಲಸ ಕಲಿಯಲು ಹೋಗಿದ್ದು ನಶ್ಯದ ಮೇಸ್ತ್ರಿಯ ಅಂಗಡಿಗೆ. ಕೈ ಬಂಗಾರ, ಮೂಗು ಚರಂಡಿ, ಅಂಥ ಮನುಷ್ಯ. ಗಳಿಗೆಗೊಮ್ಮೆ ನಶ್ಯ ಏರಿಸುವನು, ಸೀನುವನು, ಕೈಗೆ ಸಿಕ್ಕ ಅಸ್ತರಿನ ತುಂಡಿನಲ್ಲಿ ಒರೆಸಿ ಅದನ್ನೇ ಗಿರಾಕಿಯ ಕೋಟಿನ ಭುಜದೊಳಗೆ ತುಂಬಿ ಹೊಲಿದುಬಿಡುವನು. ಮೆಷಿನ್ನಿನ ಕೆಳಗೆ ಅವನು ಉಗುಳುವ ಒಂದು ಡಬ್ಬಿ. ಅದನ್ನು ದಿನಾ ಹಿತ್ತಲಿಗೆ ಒಯ್ದು ಚೆಲ್ಲುವುದು ಇವಳ ಪಾಲಿನ ಕೆಲಸ. ಕತ್ತರಿ ಹಿಡಿಯುವುದನ್ನು, ಅಳತೆ ತೆಗೆಯುವುದನ್ನು, ತೋಳು ಕೂರಿಸುವುದನ್ನು ಅವನಿಂದಲೇ ಕಲಿತಳು, ಜೊತೆಗೆ ಈ ಛೀ ಎಂಬುದನ್ನೂ ಕಲಿತಳು.

ಮದುವೆಯಾಗಿ ಬಂದ ಮನೆಯಲ್ಲಿ ತುಳಿಯುವ ಮೆಷಿನ್ ಒಂದು ಇತ್ತು. ಗಂಡ ತೀರಿಕೊಂಡ ಮೇಲೆ ಅದೇ ಅವಳಿಗೆ ಅನ್ನ ಹಾಕಿತು. ಅಷ್ಟು ಹೊತ್ತಿಗೆ ಮೈದುನನ ಮದುವೆಯಾಗಿ ಓರಗಿತ್ತಿ ಬಂದಿದ್ದಳು. ಆ ಓರಗಿತ್ತಿಗೆ ಮನೆಯಲ್ಲಿ ಚಿಕ್ಕವಳು ಎಂದೇ ಹೆಸರು, ನಲವತ್ತು ದಾಟಿದರೂ ಚಿಕ್ಕವಳೇ. ಮೈದುನ ಗೋದಾಮಿನಲ್ಲಿ ಕಾವಲಿಗೆ ಹೋಗಿ ಬಂದು ಮಲಗುವನು, ಎದ್ದು ಹೋಗುವನು. ಹಗಲೆಲ್ಲ ಬೀದಿಗೆ ಕಿಟಕಿ ಇದ್ದ ಆ ಒಂದು ಕೋಣೆಯಲ್ಲಿ ಈ ಇಬ್ಬರು ಹೆಂಗಸರು, ಒಂದು ಮೆಷಿನ್, ಒಂದು ಇಸ್ತ್ರಿ ಮೇಜು.

ಚಿಕ್ಕವಳಿಗೆ ಹೊಲಿಗೆ ಅಂದರೆ ಪ್ರಾಣ. ಅಕ್ಷರ ಬರೆದು ಕಸೂತಿ ಹಾಕುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ, ಅದನ್ನು ಛೀ ಅಕ್ಕನೂ ಅಲ್ಲಗಳೆಯಳು. ಆದರೆ ಅವಳ ಚಾಳಿ! ಗುಂಡುಸೂಜಿಗಳನ್ನು ತುಟಿಯಲ್ಲಿ ಕಚ್ಚಿಕೊಂಡೇ ಮಾತಾಡುವಳು. ಮಡಿಲಲ್ಲಿ ಹುರಿದ ಕಡಲೆಕಾಯಿ ಇಟ್ಟುಕೊಂಡು ಒಂದು ಕೈ ಬಟ್ಟೆಗೆ, ಒಂದು ಕೈ ಬಾಯಿಗೆ. ಎಲ್ಲಕ್ಕಿಂತ ಕೆಟ್ಟದ್ದು ದಾರ. ಸೂಜಿಗೆ ಏರಿಸುವ ಮುಂಚೆ ದಾರದ ತುದಿಯನ್ನು ಬಾಯೊಳಗೆ ಇಟ್ಟು, ನಾಲಿಗೆಯಲ್ಲಿ ಹೊರಳಿಸಿ, ತುಟಿಯ ನಡುವೆ ಎಳೆದು ತೆಗೆಯುವಳು. ಆ ಒದ್ದೆ ದಾರ ಬೆಳಕಿಗೆ ಮಿನುಗುವುದನ್ನು ಕಂಡಾಗೆಲ್ಲ ಛೀ ಅಕ್ಕ ಮುಖ ತಿರುಗಿಸಿಕೊಳ್ಳುವಳು. ಹಾಗೆಂದು ಬೇಡ ಎನ್ನುವಂತೆಯೂ ಇರಲಿಲ್ಲ. ಈಚೆಗೆ ಛೀ ಅಕ್ಕನ ಕಣ್ಣಿಗೆ ಸೂಜಿಯ ಕಣ್ಣು ಕಾಣುತ್ತಿರಲಿಲ್ಲ. ಯಾರೊಡನೆಯೂ ಅದನ್ನು ಹೇಳಿರಲಿಲ್ಲ. "ನನ್ನ ಕೈ ಖಾಲಿ ಇಲ್ಲ, ಸ್ವಲ್ಪ ದಾರ ಹಾಕು" ಎನ್ನುವಳು, ಚಿಕ್ಕವಳು ಎಂಜಲು ಮಾಡಿ ಏರಿಸಿ ಕೊಡುವಳು, ಇವಳು ಕಣ್ಣು ಮುಚ್ಚಿಕೊಂಡು ಹೊಲಿಯುವಳು.

ಊರಿನ ರಕ್ತಪರೀಕ್ಷೆಯ ಲ್ಯಾಬಿನವರು ತಮ್ಮ ಕೆಲಸಗಾರರಿಗೆಲ್ಲ ಬಿಳಿ ಕೋಟು ಹೊಲಿಸುವುದೆಂದೂ, ಜೇಬಿನ ಮೇಲೆ ಹೆಸರು ಹಾಕಿಸುವುದೆಂದೂ ತೀರ್ಮಾನ ಮಾಡಿದ್ದರಿಂದ ಮನೆಗೆ ಹೊಸ ಕರೆಂಟಿನ ಮೆಷಿನ್ ಬಂತು. ಹೊಲಿಯುವುದೂ ಅದೇ, ಎಂಬ್ರಾಯಿಡರಿ ಹಾಕುವುದೂ ಅದೇ. ಮೊದಲು ಒಂದು ಕೋಟು ಮಾದರಿಗೆ ಹೊಲಿದು ಕೊಡಬೇಕು. ಒಪ್ಪಿದರೆ ವರ್ಷವಿಡೀ ಅವರ ಕೆಲಸ. ಒಂದು ಕಲೆ, ಒಂದು ಸುಕ್ಕು ಇದ್ದರೂ ಬೇಡ ಎಂದು ಲ್ಯಾಬಿನ ಮ್ಯಾನೇಜರಮ್ಮ ಮುಂಚೆಯೇ ಹೇಳಿದ್ದಳು.

ಹಳೆಯ ಮೆಷಿನ್ನನ್ನು ಮೂಲೆಗೆ ಸರಿಸುವ ಮೊದಲು ಛೀ ಅಕ್ಕ ಅದರ ತಟ್ಟೆ ಬಿಚ್ಚಿ ನೋಡಿದಳು. ಒಳಗೆ ಎಣ್ಣೆಯಲ್ಲಿ ನೆನೆದ ಜುಂಗು, ಅದರಲ್ಲಿ ಸುತ್ತಿಕೊಂಡ ಉದ್ದ ಕೂದಲು, ಕಡಲೆಕಾಯಿಯ ಕೆಂಪು ಸಿಪ್ಪೆ, ಹಲ್ಲಲ್ಲಿ ಕಚ್ಚಿ ತೆಗೆದ ಒಂದು ಉಗುರಿನ ಚೂರು. ಎಲ್ಲ ಸೇರಿ ಬೆಕ್ಕು ಕಕ್ಕಿದ ಉಂಡೆಯ ಹಾಗಿತ್ತು. ಅವಳು ಅದನ್ನು ಕಾಗದದ ಮೇಲೆ ಹಾಕಿ ಚಿಕ್ಕವಳ ಮುಂದೆ ಹಿಡಿದಳು.

"ನೋಡು ನಿನ್ನ ಸಂಪತ್ತು."

"ಅಯ್ಯೋ ಅಕ್ಕ, ಬಿಸಾಕಿ ಅತ್ಲಾಗೆ."

"ಬಿಸಾಕ್ತೀನಿ. ಆದ್ರೆ ಹೊಸ ಮೆಷಿನ್ನನ್ನ ನೀನು ಮುಟ್ಟೋ ಹಾಗಿಲ್ಲ. ಬಿಳಿ ಬಟ್ಟೆ ಕೆಲಸ ಅದು. ನಿನ್ನ ಬಾಯಿ ಬಿದ್ದ ದಾರ ಆ ಕೋಟಿಗೆ ಬೇಡ. ನೀನು ಗುಂಡಿ ಹಾಕು, ಇಸ್ತ್ರಿ ಮಾಡು, ಸಾಕು."

ಚಿಕ್ಕವಳ ಬಾಯಿ ಅಗಿಯುವುದನ್ನು ನಿಲ್ಲಿಸಿತು. ಅಂಗಡಿಯ ಚೀಟಿಯಲ್ಲಿದ್ದ ಆ ಮೆಷಿನ್ನಿನ ಚಿತ್ರವನ್ನು ಅವಳು ತಿಂಗಳುಗಟ್ಟಲೆ ನೋಡಿ ನೋಡಿ ಸವೆಸಿದ್ದಳು. ಯಾವ ಅಕ್ಷರ ಹೇಗೆ ಕೂರಿಸಬೇಕು ಎಂದು ಕಾಗದದ ಮೇಲೆ ಬರೆದೂ ಇಟ್ಟಿದ್ದಳು.

"ಇಸ್ತ್ರಿಗೆ ನಾನ್ಯಾಕೆ ಬೇಕು ಬಿಡಿ," ಎಂದಳು ಮೆಲ್ಲಗೆ. "ತಿಂಡಿ ಡಬ್ಬ ತುಂಬೋ ಕಾರ್ಖಾನೇಲಿ ಹೆಂಗಸರನ್ನ ತಗೋತಿದಾರೆ. ಈ ಕೋಟೊಂದು ಮುಗೀಲಿ, ನಾನು ಅಲ್ಲಿಗೆ ಹೋಗ್ತೀನಿ."

"ಹೋಗು. ಅಲ್ಲಾದ್ರೂ ಬಾಯಿಗೆ ಬಟ್ಟೆ ಕಟ್ಟಿಸ್ತಾರೆ," ಎಂದಳು ಛೀ ಅಕ್ಕ. ಅಂದ ಮೇಲೆ ಒಂದು ಗಳಿಗೆ ಎದೆ ಚುರುಕ್ಕೆಂದಿತು. ಆದರೆ ಕೈಯಲ್ಲಿ ಆ ಉಂಡೆ ಇನ್ನೂ ಇತ್ತು, ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲು ಮನಸ್ಸು ಬರಲಿಲ್ಲ.

ಮೆಷಿನ್ ಜೋಡಿಸಿ ತೋರಿಸಲು ಅಂಗಡಿಯಿಂದ ಒಬ್ಬ ಬಂದ. ಅಂಗಿಯ ಕಂಕುಳಲ್ಲಿ ಬೆವರಿನ ಉಪ್ಪು ಬಿಳಿಗಟ್ಟಿತ್ತು. ಮೇಜು ಅಲುಗಬಾರದು ಎಂದು ನಾಲ್ಕೂ ಮೂಲೆ ಒತ್ತಿ ನೋಡಿದ, ವೈರು ಕಾಲಿಗೆ ಸಿಗದ ಹಾಗೆ ಗೋಡೆಯಂಚಿಗೆ ಎಳೆದ. ಸೂಜಿಯ ಚಪ್ಪಟೆ ಬದಿ ಹಿಂದಕ್ಕೆ ಇರಬೇಕು ಎಂದ. ಎಂಬ್ರಾಯಿಡರಿ ಹಾಕುವಾಗ ಬಟ್ಟೆಯ ಅಡಿಗೆ ದಪ್ಪ ಕಾಗದ ಕೊಟ್ಟು ಫ್ರೇಮಿಗೆ ಬಿಗಿಯಬೇಕು, ಪೆಡಲಿನ ವೈರು ಕಿತ್ತಿಡಬೇಕು, ಗುಂಡಿ ಒತ್ತಿದ ಮೇಲೆ ಫ್ರೇಮಿನ ಹತ್ತಿರ ಕೈ ಒಯ್ಯಬಾರದು ಎಂದ. ಇಷ್ಟನ್ನೂ ಛೀ ಅಕ್ಕ ಕಿವಿಗೊಟ್ಟು ಕೇಳಿದಳು. ಆಮೇಲೆ ಅವನು ಸೂಜಿಯ ತಿರುಪು ಬಿಗಿ ಮಾಡುತ್ತಿದ್ದ ಪುಟ್ಟ ಸ್ಕ್ರೂಡ್ರೈವರನ್ನು ಕಿವಿಯೊಳಗೆ ತೂರಿಸಿ, ಕಣ್ಣು ಅರೆಮುಚ್ಚಿ, ಸುಖವಾಗಿ ತಿರುಗಿಸಿದ. ಹೊರಗೆ ತೆಗೆದು ನೋಡಿದ. ಅದನ್ನೇ ಮತ್ತೆ ತಿರುಪಿಗೆ ಹಚ್ಚಿದ.

ಛೀ ಅಕ್ಕನಿಗೆ ಮೈಯೆಲ್ಲ ಹುಳ ಹರಿದಂತಾಯಿತು. ಹೊಸ ಮೆಷಿನ್, ಇನ್ನೂ ಒಂದು ಹೊಲಿಗೆ ಬಿದ್ದಿಲ್ಲ, ಆಗಲೇ ಅದಕ್ಕೆ ಈ ಮಹಾರಾಯನ ಕಿವಿಯ ಗುಗ್ಗೆಯ ಅಭಿಷೇಕ. ಅವನ ಕೈಯಿಂದ ಸ್ಕ್ರೂಡ್ರೈವರನ್ನು ಒರೆಸುವ ಬಟ್ಟೆಯಲ್ಲಿ ಹಿಡಿದು ಕಿತ್ತುಕೊಂಡು ಹಿತ್ತಲ ನಲ್ಲಿಗೆ ನಡೆದಳು. ಸೋಪು ಹಚ್ಚಿ ತೊಳೆದಳು, ಬಿಸಿನೀರು ಹೊಯ್ದು ತೊಳೆದಳು, ಮೂಸಿ ನೋಡಿ ಇನ್ನೊಮ್ಮೆ ತೊಳೆದಳು. ತಿರುಪನ್ನು ಒರೆಸಲು ಸ್ಪಿರಿಟ್ ಹುಡುಕಿದಳು. ಅಷ್ಟರಲ್ಲಿ ಒಳಗೆ ಅವನು ಪೆಡಲಿನ ವಿಷಯ ಹೇಳುತ್ತಿದ್ದ, ಚಿಕ್ಕವಳು ಗೋಡೆಗೆ ಒರಗಿ ಕಡಲೆಕಾಯಿ ಸುಲಿಯುತ್ತ ಕೇಳುತ್ತಿದ್ದಳು. ಇವಳು ಬರುವ ಹೊತ್ತಿಗೆ ಅವನು ಪಾಠ ಮುಗಿಸಿ ಚಪ್ಪಲಿ ಮೆಟ್ಟುತ್ತಿದ್ದ.

ಮರುದಿನ ಜೇಬಿನ ಮೇಲೆ ಹೆಸರು ಚೆನ್ನಾಗಿಯೇ ಬಂತು. ಗುಂಡಿ ಒತ್ತಿ ಕೈಕಟ್ಟಿ ಕುಳಿತರೆ ಆಯಿತು, ಮೆಷಿನ್ ತಾನಾಗಿ ನೀಲಿ ಅಕ್ಷರ ಬರೆದು ನಿಂತಿತು. ಅದರ ದಾರ ಅಂಗಡಿಯವನೇ ಏರಿಸಿ ಹೋಗಿದ್ದ. ಆಮೇಲೆ ಬಿಳಿ ದಾರದಲ್ಲಿ ಜೇಬನ್ನು ಕೋಟಿಗೆ ಕೂರಿಸಬೇಕು. ಬಿಳಿ ದಾರ ಏರಿಸಲು ಅವಳು ಒಂದು ಬೆಳಗೇ ಕಳೆದಳು, ಕೊನೆಗೆ ಹೇಗೋ ಏರಿತು. ಪೆಡಲಿನ ವೈರು ಸಿಕ್ಕಿಸಿ ಹೊಲಿಯತೊಡಗಿದಳು. ಇಸ್ತ್ರಿ ಮೇಜನ್ನು ಪಕ್ಕದ ಕೋಣೆಗೆ ಎಳೆದುಕೊಂಡು ಹೋಗಿ ಚಿಕ್ಕವಳು ಕೋಟಿನ ತೋಳುಗಳ ತುಂಡಿಗೆ ಇಸ್ತ್ರಿ ಹಾಕುತ್ತಿದ್ದಳು. ಎರಡು ಬದಿ ಆಯಿತು. ಮೂಲೆ ತಿರುಗುವಾಗ ದಾರ ಪಟ್ಟನೆ ಹರಿಯಿತು.

ಕರೆಯಬಹುದಿತ್ತು. ಒಂದು ಕೂಗು ಹಾಕಿದ್ದರೆ ಚಿಕ್ಕವಳು ಬರುತ್ತಿದ್ದಳು. ಯಾವ ಬಾಯಲ್ಲಿ ಕರೆಯುವುದು? ಮುಟ್ಟಬೇಡ ಎಂದದ್ದು ಇದೇ ಬಾಯಿ. ದಾರದ ತುದಿಯನ್ನು ಓರೆಯಾಗಿ ಕತ್ತರಿಸಿದಳು. ತುದಿ ಬಿಚ್ಚಿಕೊಂಡು ಪೊರಕೆಯಾಯಿತು. ನೀರಲ್ಲಿ ಅದ್ದಿದಳು, ಜೋತುಬಿತ್ತು. ಎಡಗೈ ತೋರುಬೆರಳನ್ನು ಸೂಜಿಯ ಹಿಂದೆ ಅಡ್ಡ ಹಿಡಿದು, ಕಣ್ಣು ಕಿರಿದು ಮಾಡಿ, ಮೂಗು ಸೂಜಿಗೆ ತಾಗುವಷ್ಟು ಬಗ್ಗಿದಳು. ಬಲಗಾಲು ಪೆಡಲಿನ ಮೇಲಿತ್ತು. ಜೀವಮಾನವೆಲ್ಲ ಅದು ಇದ್ದದ್ದೇ ಅಲ್ಲಿ. ಹಳೆಯ ಮೆಷಿನ್ನಿನಲ್ಲಿ ಕೈಚಕ್ರ ತಿರುಗಿಸಿ ಎಬ್ಬಿಸದ ಹೊರತು ಪೆಡಲು ಸತ್ತ ಹಾಗೆ ಬಿದ್ದಿರುತ್ತಿತ್ತು, ಕಾಲಿಗೆ ಅದೊಂದು ಮಣೆ. ಕಾಲಿಗೇನು ಗೊತ್ತು ಇದು ಬೇರೆ ಮೆಷಿನ್ ಎಂದು? ಬಗ್ಗಿದವಳ ಭಾರ ಮುಂದಕ್ಕೆ ಬಿತ್ತು, ಮೆಷಿನ್ ಗುರ್ರೆಂದಿತು.

ಸೂಜಿ ಉಗುರಿನ ಪಕ್ಕದಲ್ಲಿ ಇಳಿದು ಬೆರಳನ್ನು ತಟ್ಟೆಗೆ ಜಡಿದು ನಿಂತಿತು. ಅವಳು ಕೂಗಿಕೊಂಡದ್ದು ಅವಳಿಗೇ ಗೊತ್ತಿಲ್ಲ. ಚಿಕ್ಕವಳು ಓಡಿ ಬಂದವಳು ಬೆರಳಿನ ಕಡೆ ನೋಡಲಿಲ್ಲ, ಗೋಡೆಯ ಪ್ಲಗ್ಗನ್ನು ಕಿತ್ತಳು.

"ಕೈ ಎಳೀಬೇಡಿ ಅಕ್ಕ, ಸೂಜಿ ಮುರೀತದೆ. ಹಾಗೇ ಇರಿ. ಉಸಿರು ಬಿಡಿ."

ಕೈಚಕ್ರವನ್ನು ತನ್ನ ಕಡೆಗೆ ಮೆಲ್ಲನೆ ತಿರುಗಿಸಿದಳು. ಸೂಜಿ ಮೇಲೆದ್ದಿತು. ಅದರ ತುದಿ ಸರಿಯಾಗಿದೆಯೇ ಎಂದು ಬೆಳಕಿಗೆ ನೋಡಿ, ಇವಳನ್ನು ನಲ್ಲಿಗೆ ನಡೆಸಿಕೊಂಡು ಹೋಗಿ ಸೋಪು ಹಾಕಿ ಬೆರಳು ತೊಳೆದು, ಒಳಗೆ ಕರೆತಂದು ಕೂರಿಸಿ ಒಗೆದ ಬಟ್ಟೆ ಬಿಗಿದಳು.

"ದಾರ ಹಾಕುವಾಗ ಸ್ವಿಚ್ ಆರಿಸಬೇಕು, ಪೆಡಲಿಂದ ಕಾಲು ತೆಗೀಬೇಕು ಅಂತ ಆ ಅಂಗಡಿಯವನು ಬಡ್ಕೊಂಡು ಹೇಳಿದ."

"ನನಗೆ ಹೇಳಲಿಲ್ಲ."

"ನೀವು ಸ್ಕ್ರೂಡ್ರೈವರ್ ತೊಳೀತಿದ್ರಿ."

"ಏಳಿ, ಡಾಕ್ಟರ ಹತ್ತಿರ ಹೋಗಿ ಇಂಜೆಕ್ಷನ್ ಹಾಕಿಸ್ಕೊಂಡು ಬರೋಣ" ಎಂದು ಚಿಕ್ಕವಳು ಎಬ್ಬಿಸಿದಾಗ ಇವಳ ಕಣ್ಣು ಕೋಟಿನ ಮೇಲೆ ಬಿತ್ತು. ನೀಲಿ ಹೆಸರಿನ ಕೆಳಗೆ, ಬಿಳಿ ಜೇಬಿನ ಮೇಲೆ, ಒಂದು ಹನಿ ರಕ್ತ.

ಸಂಜೆಗೆ ಕೋಟು ಹೋಗಬೇಕು. ನೀರು ಹಾಕಿದರೆ ಹೊಸ ಬಟ್ಟೆಯ ಗಂಜಿ ಬಿಟ್ಟು ಅಲ್ಲೊಂದು ಉಂಗುರ ಉಳಿಯುತ್ತದೆ. ಜೇಬು ಬಿಚ್ಚಿ ಬೇರೆ ಮಾಡಲು ಬಟ್ಟೆಯಿಲ್ಲ. ಹೋಯಿತು ಕೆಲಸ ಎಂದುಕೊಂಡಳು ಛೀ ಅಕ್ಕ.

"ಅದಕ್ಕೊಂದು ಉಪಾಯ ಇದೆ," ಎಂದಳು ಚಿಕ್ಕವಳು. "ಎಂಜಲು."

"ಛೀ."

"ಛೀ ಅನ್ನಬೇಡಿ. ಹಸಿ ಇರೋವಾಗ್ಲೇ ಬಿಳಿ ದಾರನ ಬಾಯಲ್ಲಿ ಅಗಿದು ಒತ್ತಿದ್ರೆ ಕಲೆ ಎದ್ದು ಬರ್ತದೆ. ನನ್ನ ಬೆರಳು ಚುಚ್ಕೊಂಡಾಗೆಲ್ಲ ನಾನು ಹಾಗೇ ಮಾಡಿದೀನಿ, ನೀವು ನೋಡಿಲ್ಲ ಅಷ್ಟೆ."

"ಹಾಗಾದ್ರೆ ಮಾಡು. ನಾನು ಆ ಕಡೆ ನೋಡ್ತೀನಿ."

"ನನ್ನದು ಆಗಲ್ಲ ಅಕ್ಕ. ಯಾರ ರಕ್ತಕ್ಕೆ ಅವರದೇ ಎಂಜಲು ಬೇಕು. ನಮ್ಮಮ್ಮ ಹಾಗೇ ಹೇಳೋಳು."

ಅವಳ ಅಮ್ಮ ಹೇಳಿದ್ದು ನಿಜವೋ ಸುಳ್ಳೋ, ಪರೀಕ್ಷೆ ಮಾಡಿ ನೋಡುವ ಹೊತ್ತು ಅದಾಗಿರಲಿಲ್ಲ. ಛೀ ಅಕ್ಕ ಬಿಳಿ ದಾರದ ಒಂದು ಉಂಡೆ ಬಾಯಿಗೆ ಹಾಕಿಕೊಂಡಳು. ಹೆದರಿಕೆಗೆ ಬಾಯಿ ಒಣಗಿ ಬೂದಿಯಾಗಿತ್ತು. ದಾರ ನಾಲಿಗೆಗೆ ಅಂಟಿತು, ಜುಂಗು ಗಂಟಲಿಗೆ ಹೋಯಿತು, ಕಣ್ಣಲ್ಲಿ ನೀರು ಬಂತೇ ಹೊರತು ಬಾಯಲ್ಲಿ ಬರಲಿಲ್ಲ.

"ನಿಂಬೆಹಣ್ಣು ನೆನೆಸ್ಕೊಳ್ಳಿ," ಎಂದಳು ಚಿಕ್ಕವಳು. "ಕೊಯ್ದ ನಿಂಬೆಹಣ್ಣು. ಮೇಲೆ ಉಪ್ಪು."

ನೆನೆಸಿಕೊಂಡಳು. ನಶ್ಯದ ಮೇಸ್ತ್ರಿಯ ಡಬ್ಬಿಯೂ ಅದರ ಹಿಂದೆಯೇ ನೆನಪಾಯಿತು. ಉಕ್ಕಿ ಬಂದ ವಾಕರಿಕೆಯನ್ನು ನುಂಗಿ ನಿಂಬೆಹಣ್ಣನ್ನೇ ಹಿಡಿದುಕೊಂಡಳು. ದಾರ ಒದ್ದೆಯಾಯಿತು. ಅದನ್ನು ತೆಗೆದು ತನ್ನ ಕೈಯಿಂದಲೇ ಹನಿಯ ಮೇಲೆ ಒತ್ತಿದಳು, ಎತ್ತಿದಳು, ಮತ್ತೆ ಅಗಿದಳು. ದಾರ ನಸುಗೆಂಪಾಯಿತು. ಬಟ್ಟೆ ಬೆಳ್ಳಗಾಯಿತು. ಜೀವನದಲ್ಲಿ ಅವಳು ಬಟ್ಟೆಗೆ ಎಂಜಲು ಹಚ್ಚಿದ್ದು ಅದೇ ಮೊದಲು, ಅದೂ ರೋಗ ಹುಡುಕುವ ಜನ ತೊಡುವ ಕೋಟಿಗೆ. ಅವಳಿಗೆ ತನ್ನ ಬಗ್ಗೆ ಅಸಹ್ಯವಾಯಿತು, ಬಾಯಿ ಮುಕ್ಕಳಿಸಲು ಎದ್ದಳು.

ಹೋಗುವ ಮುಂಚೆ ಕುರ್ಚಿಯನ್ನು ಕಾಲಿಂದ ಚಿಕ್ಕವಳ ಕಡೆಗೆ ನೂಕಿದಳು.

"ಆ ಇನ್ನೊಂದು ಬದಿ ಮುಗಿಸು. ಡಾಕ್ಟರೇನು ಓಡಿಹೋಗಲ್ಲ."

"ನಾನಾ?"

"ನನಗೆ ಸೂಜಿ ಕಣ್ಣು ಕಾಣಲ್ಲ ಕಣೆ. ಬಹಳ ದಿನ ಆಯ್ತು."

ಚಿಕ್ಕವಳು ಕೈ ತೊಳೆದು ಬಂದು ಕುಳಿತಳು, ಕಾಲನ್ನು ಕುರ್ಚಿಯ ಕೆಳಗೆ ಮಡಚಿಟ್ಟುಕೊಂಡು ದಾರ ಎಳೆದಳು. ರೂಢಿಯ ಕೈ, ದಾರ ನೇರ ತುಟಿಯ ಹತ್ತಿರ ಹೋಯಿತು. ಅಲ್ಲಿ ನಿಂತಿತು. ಅವಳು ತಿರುಗಿ ಅಕ್ಕನ ಮುಖ ನೋಡಿದಳು.

ಛೀ ಅಕ್ಕ ಮುಖವನ್ನು ಕಿಟಕಿಯ ಕಡೆಗೆ ತಿರುಗಿಸಿಕೊಂಡಳು.

"ಛೀ," ಎಂದಳು. "ಬೇಗ ಮಾಡು."