ತಗುಲದ ಚೆಂಡು

ಡಾಡ್ಜ್‌ಬಾಲ್ ಆಟಕ್ಕೆ ರಾಷ್ಟ್ರೀಯ ಸಂಸ್ಥೆ ಹುಟ್ಟಿ, ನಿಯಮಗಳು ಅಚ್ಚಾಗಿ, ಎಷ್ಟೋ ವರ್ಷಗಳ ಮೇಲೆ ಮೊರಬದ ಶಾಲೆಗೆ ಮೂರು ಚೆಂಡುಗಳು ಬಂದವು. ಚೆಂಡು ತಗುಲಿದವರು ಔಟ್, ಗೆರೆ ದಾಟಿದವರೂ ಔಟ್. ಕುರಿ ಕಾಯುವ ಭರಮಪ್ಪನ ಮಗಳು ಮಾಳವ್ವ ಹೊಲದಲ್ಲಿ ಕಲ್ಲೆಸೆಯುವ ಗುರಿ ಕಂಡು, ಕಾಶಿನಾಥ ಮಾಸ್ತರರು ಅವಳನ್ನು ರಾಜ್ಯ ತಂಡದ ಆಯ್ಕೆಗೆ ಕರೆದೊಯ್ದರು. ಆಯ್ಕೆಯಾದರೆ ಕ್ರೀಡಾ ವಸತಿ ಶಾಲೆಯಲ್ಲಿ ಓದು. ಇಲ್ಲವಾದರೆ ಓದು ಬಿಟ್ಟು ಕುರಿಯ ಹಿಂದೆ.

ಆಯ್ಕೆಯ ಆಟದಲ್ಲಿ ಅವಳೆಸೆದ ಹನ್ನೆರಡು ಚೆಂಡುಗಳೂ ಎದುರು ತಂಡದ ಆರು ಹುಡುಗಿಯರ ಮಗ್ಗುಲಲ್ಲಿ, ಒಂದು ಗೇಣು ಆಚೆಗೇ ಬಿದ್ದವು. ಕುರಿ ತಿರುಗಿಸುವವರು ಎಸೆಯುವುದೇ ಹಾಗೆ: ಕಲ್ಲು ಪಕ್ಕಕ್ಕೆ ಬೀಳಬೇಕು, ಮೈಗೆ ತಾಗಬಾರದು. ಆರು ಹುಡುಗಿಯರೂ ಬೆದರಿ ಸರಿಯುತ್ತ, ಒಬ್ಬೊಬ್ಬರಾಗಿ ಗೆರೆ ದಾಟಿ ಹೊರಬಿದ್ದರು.

“ಇಷ್ಟ ಎಸದ್ರೂ ಒಬ್ಬಾಕಿಗೂ ತಾಗಲಿಲ್ಲಲ್ಲ, ತಂಗಿ! ಕಣ್ಣ ಕಾಣ್ತಾವೋ ಇಲ್ಲೋ?” ಎಂದರು ಆಯ್ಕೆಗಾರರು.

“ತಾಗಿದ್ರ ನೋವಾಗ್ತದಲ್ರೀ,” ಎಂದಳು ಮಾಳವ್ವ. “ಎಲ್ಲಾರೂ ಹೊರಗ ಹ್ವಾದ್ರಲ್ಲ?”

“ಅಂಗಳ ಖಾಲಿ ಆಗೇತಿ, ನೋಡ್ರಿ ಸರ್,” ಎಂದು ಮಾಸ್ತರರೂ ಬೇಡಿಕೊಂಡರು.

ಸಂಸ್ಥೆಯ ನಮೂನೆಯಲ್ಲಿ ಎರಡೇ ಕಾಲಂ ಇದ್ದವು: ಹೊಡೆದದ್ದು, ತಪ್ಪಿಸಿಕೊಂಡದ್ದು. ಮಾಳವ್ವನ ಹೆಸರಿನ ಮುಂದೆ ಸೊನ್ನೆ ಬಿತ್ತು. ಆ ಆರು ಹುಡುಗಿಯರು ಮಾತ್ರ, ಹನ್ನೆರಡು ಚೆಂಡುಗಳಲ್ಲಿ ಒಂದನ್ನೂ ಮೈಗೆ ತಾಗಿಸಿಕೊಳ್ಳದ ಚುರುಕಿನವರೆಂದು, ರಾಜ್ಯ ತಂಡಕ್ಕೆ ಆಯ್ಕೆಯಾದರು.