ಕೆಳಗಿನ ಫೋನು, ಮೇಲಿನ ಫೋನು

ಇಳಕಲ್ಲಿನ ನಮ್ಮ ಮನೆಗೆ ಫೋನು ಬಂದ ದಿನದಿಂದ ಅದು ನನ್ನದು. ಕನೆಕ್ಷನ್ ಮಾವನ ಹೆಸರಿನಲ್ಲಿತ್ತು, ಅದು ಬೇರೆ ಮಾತು. ಮಾವ ಮತ್ತು ನನ್ನ ಗಂಡ ಮಗ್ಗದ ಮುಂದೆ ಹುಲಿಗಳು, ಫೋನಿನ ಮುಂದೆ ಮೂಕರು. ಬಾಗಲಕೋಟೆಯಿಂದ, ಸೊಲ್ಲಾಪುರದಿಂದ ಸೀರೆಯ ಗಿರಾಕಿಗಳು ಕೇಳಿದರೆ ದಡಿ ಎಷ್ಟು ಅಗಲ, ಸೆರಗಿನ ಕೆಂಪು ಯಾವ ಕೆಂಪು ಎಂದು ಬಾಯಲ್ಲೇ ತೋರಿಸಿ ಒಪ್ಪಿಸುತ್ತಿದ್ದವಳು ನಾನು. ಗಂಡ ಎತ್ತಿದರೆ ಅವರು ಅಕ್ಕಾರಿಗೆ ಕೊಡಿ ಎನ್ನುತ್ತಿದ್ದರು. ಅದನ್ನು ಕೇಳಲು ನಾನು ಅಲ್ಲೇ ಹತ್ತಿರ ನಿಂತಿರುತ್ತಿದ್ದೆ.

ಆಮೇಲೆ ಮೈದುನನ ಮದುವೆಯಾಯಿತು. ಅವನು ಹುನಗುಂದದ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದ. ನೆಗೆಣ್ಣಿಯಾಗಿ ಬಂದವಳು ಬಾದಾಮಿಯ ಮಾಸ್ತರರ ಮಗಳು. ಇಬ್ಬರಿಗೂ ಮಹಡಿಯ ಮೇಲೊಂದು ಕೋಣೆ ಕಟ್ಟಿಸಿದ್ದಾಯಿತು. ಮೈದುನ ಫೋನಿನ ವೈರನ್ನೂ ಮೇಲಕ್ಕೆಳೆದು ಇನ್ನೊಂದು ಫೋನು ಕೂರಿಸಿದ. ಮೇಲೆ ಮಾತಾಡುವಾಗ ಕೆಳಗೆ ಎತ್ತಿದರೆ ಎಲ್ಲ ಕೇಳುತ್ತಿತ್ತು. ಸುಳ್ಳೇಕೆ ಹೇಳಲಿ, ನಾನು ಎತ್ತಿದೆ. ಅವಳು ತವರಿನವರ ಮುಂದೆ ನನ್ನ ಬಗ್ಗೆ ಏನು ಹೇಳುತ್ತಾಳೆ ಎಂದು ಉಸಿರು ಬಿಗಿಹಿಡಿದು ಕೇಳಿದೆ. ಅವರಪ್ಪನ ನೆಗಡಿ, ಅಂಗಳದ ಕರಿಬೇವು ಬಿಟ್ಟರೆ ಏನೂ ಸಿಗಲಿಲ್ಲ. ಅದಕ್ಕೂ ಸಿಟ್ಟು ಬಂತು.

ಅವಳಿಗೆ ಮೊದಲ ದಿನವೇ ತಿಳಿದಿತ್ತೆಂದು ನನಗೆ ಆಮೇಲೆ ಗೊತ್ತಾಯಿತು. ಕೆಳಗಿನ ಫೋನು ಇದ್ದದ್ದು ಮಾವನ ಮಗ್ಗದ ಮಗ್ಗುಲಿಗೆ. ನಾನು ರಿಸೀವರ್ ಎತ್ತಿದ ಕೂಡಲೇ ಮಗ್ಗದ ಸಪ್ಪಳ ಅವಳ ಕಿವಿಗೆ ಹೊಡೆಯುತ್ತಿತ್ತು. ನೇಕಾರರ ಮನೆಯಲ್ಲಿ ಹುಟ್ಟಿ ನೇಕಾರರ ಮನೆಗೇ ಬಂದ ನನಗೆ ಆ ಸಪ್ಪಳ ಕೇಳುವುದು ನಿಂತು ಎಷ್ಟೋ ವರ್ಷಗಳಾಗಿದ್ದವು. ಅವಳು ಜಗಳ ಮಾಡಲಿಲ್ಲ. ಮಾಡಿದ್ದರೆ ನಾನೇ ಗೆಲ್ಲುತ್ತಿದ್ದೆ.

ಮನೆಗೆ ಬ್ರಾಡ್‌ಬ್ಯಾಂಡ್ ಬಂದ ಮೇಲೆ ಮೈದುನ ಹುಬ್ಬಳ್ಳಿಯಿಂದ ಅಂಗೈಯಗಲದ ಎರಡು ಪೆಟ್ಟಿಗೆ ತಂದ. ಇಂಟರ್ನೆಟ್ ಫೋನಿನ ಅಡಾಪ್ಟರ್‌ಗಳಂತೆ. ಒಂದನ್ನು ಕೆಳಗೆ ಲ್ಯಾಂಡ್‌ಲೈನಿಗೆ ಸಿಕ್ಕಿಸಿದ, ಇನ್ನೊಂದನ್ನು ಮಹಡಿಯಲ್ಲಿಟ್ಟ, ಮೆಟ್ಟಿಲಗುಂಟ ನೀಲಿ ಕೇಬಲ್ ಎಳೆದು ಎರಡನ್ನೂ ಜೋಡಿಸಿದ. ಲೈನು ಒಂದೇ, ಆದರೆ ಎರಡೂ ಕಡೆ ರಿಂಗಾಗುತ್ತದೆ, ಒಬ್ಬರು ಎತ್ತಿದರೆ ಇನ್ನೊಬ್ಬರಿಗೆ ಕೇಳುವುದಿಲ್ಲ ಎಂದು ನನ್ನ ಮುಖ ನೋಡದೆ ವಿವರಿಸಿದ. ಕರೆಂಟು ಹೋದರೆ ಮಾತ್ರ ಮೇಲಿನದು ಸತ್ತು ಕೆಳಗಿನದು ಮೊದಲಿನಂತೆ ನಡೆಯುತ್ತದಂತೆ. ಮೇಲೆ ಮಾತು ನಡೆದಷ್ಟು ಹೊತ್ತೂ ಕೆಳಗಿನ ಪೆಟ್ಟಿಗೆಯಲ್ಲಿ ಒಂದು ಹಸಿರು ದೀಪ ಉರಿಯುತ್ತಿತ್ತು. ನನ್ನ ಪಾಲಿಗೆ ಉಳಿದದ್ದು ಆ ದೀಪ ನೋಡುವ ಕೆಲಸ.

ಗಿರಾಕಿಗಳ ಫೋನನ್ನೂ ಅವಳೇ ಮೊದಲು ಎತ್ತತೊಡಗಿದಳು. ಮೇಲಿನ ಅಕ್ಕಾರು ಎಷ್ಟು ಚಂದ ಮಾತಾಡುತ್ತಾರೆ ಎಂದು ನವನಗರದ ಗಿರಾಕಿಯೊಬ್ಬಳು ನನ್ನ ಮುಂದೆಯೇ ಹೊಗಳಿದಳು. ಒಡಲಿಗೂ ಸೆರಗಿಗೂ ಎಳೆ ಹೇಗೆ ಕೂಡಿಸುತ್ತಾರೆಂದು ತಿಳಿಯದವಳು ನಮ್ಮ ಸೀರೆ ಮಾರುತ್ತಿದ್ದಳು. ನನ್ನ ಹೊಟ್ಟೆ ಉರಿಯದೆ ಇನ್ನೇನಾದೀತು.

ಅದಕ್ಕಿಂತ ಹೆಚ್ಚು ಉರಿಸಿದ್ದು ಮಧ್ಯಾಹ್ನದ ಫೋನು. ನಾನು ಪಾತ್ರೆ ತಿಕ್ಕಲು ಕೂತಾಗಲೇ ಬರುತ್ತಿತ್ತು. ಕೈ ಒರೆಸಿಕೊಂಡು ಬರುವಷ್ಟರಲ್ಲಿ ರಿಂಗು ನಿಂತು ದೀಪ ಹತ್ತಿರುತ್ತಿತ್ತು. ಅರ್ಧ ಗಂಟೆಯಾದರೂ ಆರುತ್ತಿರಲಿಲ್ಲ. ನಡುನಡುವೆ ಮಹಡಿಯಿಂದ ಅವಳ ನಗು ಬೇರೆ. ತವರಿನವರೇ ಇರಬೇಕು ಅಂದುಕೊಂಡೆ. ಅವಳೊಡನೆ ಅಷ್ಟು ಹೊತ್ತು ಮಾತಾಡುವವರು ಇದ್ದಾರೆ, ನನ್ನೊಡನೆ ಬರೀ ಗಿರಾಕಿಗಳು ಎಂಬ ಸಂಕಟದಲ್ಲಿ ತಿಕ್ಕಿದ ಪಾತ್ರೆಯನ್ನೇ ಮತ್ತೆ ತಿಕ್ಕುತ್ತಿದ್ದೆ.

ಒಂದು ಮಧ್ಯಾಹ್ನ ತಡೆಯಲಾಗಲಿಲ್ಲ. ದೀಪ ಉರಿಯುತ್ತಿದ್ದಾಗಲೇ ಕೆಳಗಿನ ಪೆಟ್ಟಿಗೆಯ ಕರೆಂಟಿನ ಪ್ಲಗ್ಗು ಕಿತ್ತೆ. ಮಾತು ನಡುವೆಯೇ ಕಡಿದುಹೋಯಿತೆಂದು ಖುಷಿಯಾಯಿತು. ಮರುಗಳಿಗೆಯಲ್ಲೇ ಕೆಳಗಿನ ಫೋನು ರಿಂಗಾಯಿತು. ಯಾರೆಂದು ತಿಳಿದೇ ಬಿಡೋಣ ಎಂದು ಎತ್ತಿದೆ, ಮಾತಾಡಲಿಲ್ಲ.

"ನಡುವ ಕಟ್ಟಾತ ನೋಡ ತಂಗಿ. ಬಲಗಣ್ಣು ಪೂರಾ ಮಬ್ಬಾಗೇತಿ, ಪೊರಿ ತಗೀಬೇಕಂತ. ಬಾಗಲಕೋಟಿ ದವಾಖಾನಿಗೆ ನನ್ನ ಕೂಡ ನೀ ಬರೂದು ಖರೆ ಹೌದಲ್ಲ?"

ಗುಡೂರಿನಲ್ಲಿದ್ದ ನಮ್ಮವ್ವನ ದನಿ. ನನ್ನ ತಮ್ಮ ಈಚೆಗೆ ಅವಳಿಗೊಂದು ಮೊಬೈಲು ಕೊಡಿಸಿದ್ದ.

"ಅವ್ವಾ, ನಾ," ಎಂದೆ.

ಅವ್ವನ ದನಿ ಬದಲಾಯಿತು. ಆಮೇಲೆ ಆರಾಮ ಇದ್ದೀಯಾ, ಅಳಿಯಂದಿರು ಆರಾಮವೇ ಎಂದು ಬೀಗರ ಹಾಗೆ ವಿಚಾರಿಸಿದಳು. ಕಣ್ಣಿನ ಮಾತು ನನಗೇಕೆ ಹೇಳಲಿಲ್ಲ ಎಂದು ನಾನು ಜೋರು ಮಾಡಿದೆ.

"ಹೇಳಾಕಂತ ಎರಡ ಸಲ ಫೋನ್ ಮಾಡಿದ್ದೆ," ಎಂದಳು ಅವ್ವ. "ಗಿರಾಕಿ ಫೋನ್ ಬರ್ತಾವ, ಲಗೂನ ಇಡು ಅಂದಿ. ಈ ಹುಡುಗಿ ಕೇಳ್ತಾಳ."

ಅಂದದ್ದು ನಿಜ. ಎರಡು ಸಲವಲ್ಲ, ಎಷ್ಟೋ ಸಲ ಅಂದಿದ್ದೆ. ನಾಚಿಕೆಯಾಗಬೇಕಿತ್ತು, ಆಯಿತು ಕೂಡ, ಆದರೆ ಅದಕ್ಕಿಂತ ಮೊದಲು ಬಂದದ್ದು ಮತ್ಸರವೇ. ನಾನಿರುವಾಗ ನನ್ನ ಅವ್ವನ ಕೈ ಹಿಡಿದು ದವಾಖಾನೆಗೆ ಅವಳು ಹೋಗುವುದೆಂದರೇನು? ಈಗ ಹೇಳು, ಎಷ್ಟು ಹೊತ್ತಾದರೂ ಕೇಳುತ್ತೇನೆ ಎಂದು ನೆಲದ ಮೇಲೇ ಕೂತೆ. ಅವ್ವ ಮಾತಿಗೆ ಏನೋ ಹುಡುಕಿದಳು. ಬಿಸಿಲು ಬಹಳ ಎಂದಳು. ಹೂಂ ಎಂದೆ.

"ಏನಿಲ್ಲ ಬಿಡು, ಆಕೀಗೆ ಎಲ್ಲಾ ಹೇಳೇನಿ," ಎಂದಳು ಕೊನೆಗೆ. "ಆಕಿ ಅದಾಳೇನ ನೋಡು."

ರಿಸೀವರನ್ನು ಪಕ್ಕಕ್ಕಿಟ್ಟು ಮೆಟ್ಟಿಲ ಹತ್ತಿರ ಹೋಗಿ, ಫೋನು ಬಂದಿದೆ, ಕೆಳಗೆ ಬಾ ಎಂದು ಕೂಗಿದೆ. ಅವಳು ಮೇಲಿನಿಂದ ಬಗ್ಗಿ, ಏನೂ ಗೊತ್ತಿಲ್ಲದವಳ ಹಾಗೆ ಯಾರದು ಎಂದು ಕೇಳಿದಳು.

"ನಮ್ಮವ್ವಂದು," ಎಂದೆ. "ನಿನಗ."